ಒಬ್ಬರೇ ಬರೆಯುವ ನಾಲ್ವರ ಪ್ರಾಜೆಕ್ಟ್

ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಲ್ಲಿನ ಐಟಿ ಪ್ರದೇಶವಾದ ಹಿಂಜವಡಿಯ ಕಂಪನಿಗಳಿಗೆ ಸೇರುವ ವಿಜಯಪುರ, ಬೆಳಗಾವಿ ಕಡೆಯ ನಮ್ಮ ಮಕ್ಕಳು ಕೋಡನ್ನು ಚೆನ್ನಾಗಿಯೇ ಬರೆಯುತ್ತಾರೆ. ಅದನ್ನು ಇತರರ ಕೋಡಿನೊಂದಿಗೆ ಕೂಡಿಸುವಾಗ ಎಡವುತ್ತಾರೆ. ನಾಲ್ಕು ವರ್ಷ ಓದಿದ ಮೇಲೂ ಈ ಕೆಲಸ ಹೊಸದಾಗಿಯೇ ಉಳಿಯುವುದಕ್ಕೆ ಹಳೆಯ ಕಾರಣಗಳಿವೆ.

1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನ್ಯಾಟೊ ಸಮ್ಮೇಳನ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರನ್ನು ಚಲಾವಣೆಗೆ ತಂದಿತು, 2001ರಲ್ಲಿ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ, ತಂಡವಾಗಿ ಕಟ್ಟಬೇಕೆನ್ನುವ ಅಜೈಲ್ ಪ್ರಣಾಳಿಕೆ ಹೊರಬಂತು, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಕೋಡಿನ ಬದಲಾವಣೆಗಳನ್ನು ದಾಖಲಿಸಿ ಹಲವರ ಕೆಲಸವನ್ನು ಕೂಡಿಸುವ ಗಿಟ್ ಎಂಬ ಸಾಧನವನ್ನು ರಚಿಸಿದರು, 2008ರಲ್ಲಿ ಅಂಥ ಕೋಡನ್ನು ಅಂತರ್ಜಾಲದಲ್ಲಿ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಬಂತು. ಇವುಗಳ ನಡುವೆ ಮರೆಯಬಾರದ ಸಂಗತಿಯೊಂದಿದೆ. 1986ರಲ್ಲಿ ಹೊರಬಂದ ಸಿವಿಎಸ್ ಎಂಬ ಆವೃತ್ತಿ ನಿಯಂತ್ರಣ (ಕೋಡಿನ ಹಳೆ-ಹೊಸ ರೂಪಗಳ ಲೆಕ್ಕವಿಡುವ) ಸಾಧನ ಹುಟ್ಟಿದ್ದೇ ಪಾಠದ ಮನೆಯಲ್ಲಿ: ಆಮ್‌ಸ್ಟರ್‌ಡ್ಯಾಮಿನ ಅಧ್ಯಾಪಕ ಡಿಕ್ ಗ್ರೂನ ಅವರಿಗೂ ಅವರ ಇಬ್ಬರು ವಿದ್ಯಾರ್ಥಿಗಳಿಗೂ ಕೆಲಸದ ವೇಳೆ ಹೊಂದುತ್ತಿರಲಿಲ್ಲವಾದ್ದರಿಂದ, ಒಂದೇ ಕಂಪೈಲರಿನ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶದ) ಮೇಲೆ ಮೂವರೂ ದುಡಿಯಲು ಅವರು ಅದನ್ನು ಕಟ್ಟಿಕೊಂಡರು.

ನಮ್ಮ ತರಗತಿಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಬಹುಕಾಲ ಪರೀಕ್ಷೆಯ ಉತ್ತರವಾಗಿಯೇ ಇತ್ತು. ಸಾಫ್ಟ್‌ವೇರ್ ಕಟ್ಟುವ ಹಂತಗಳನ್ನು ತೋರಿಸುವ ವಾಟರ್‌ಫಾಲ್, ಸ್ಪೈರಲ್ ಮಾದರಿಗಳ ಚಿತ್ರ ಬಿಡಿಸಿದರೆ ಅಂಕ ಬರುತ್ತಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾಲ್ವರ ಗುಂಪು ಇರುತ್ತಿತ್ತಾದರೂ ಕೋಡ್ ಬರೆಯುವವರು ಸಾಮಾನ್ಯವಾಗಿ ಒಬ್ಬರೇ. ಉಳಿದವರು ಪ್ರಾಜೆಕ್ಟ್ ವರದಿಯಾದ ಬ್ಲ್ಯಾಕ್ ಬುಕ್ಕಿನ ಟೈಪಿಂಗ್, ಬೈಂಡಿಂಗ್, ಪಿಪಿಟಿ ಹಂಚಿಕೊಳ್ಳುತ್ತಿದ್ದರು. ಪೆನ್‌ಡ್ರೈವಿನಲ್ಲಿ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂಬ ಫೋಲ್ಡರುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಪುಣೆ ವಿಶ್ವವಿದ್ಯಾಲಯದ 2019ರ ಪಠ್ಯಕ್ರಮ ಪ್ರಾಜೆಕ್ಟ್ ಆಧಾರಿತ ಕಲಿಕೆಯನ್ನು ಆರಂಭದ ವರ್ಷಗಳಿಗೇ ತಂದದ್ದು ಒಳ್ಳೆಯ ಹೆಜ್ಜೆ. ಈಗ ಗಿಟ್‌ಹಬ್ ಕೊಂಡಿ ಇಲ್ಲದ ರೆಸ್ಯೂಮೆಯೇ ಅಪರೂಪ. ಆದರೆ ಅಂಥ ಎಷ್ಟೋ ರೆಪೊಸಿಟರಿಗಳನ್ನು (ಕೋಡಿನ ಸಂಗ್ರಹಗಳನ್ನು) ತೆರೆದರೆ, ಆರು ತಿಂಗಳ ದುಡಿಮೆಯೆಲ್ಲ ಸಬ್‌ಮಿಷನ್ನಿನ ಹಿಂದಿನ ರಾತ್ರಿ ಒಬ್ಬರ ಹೆಸರಿನಲ್ಲಿ ಒಂದೇ ಕಮಿಟ್ (ದಾಖಲಾದ ಬದಲಾವಣೆ) ಆಗಿ ಏರಿರುತ್ತದೆ.

ಇಬ್ಬರು ಒಂದೇ ಕಡತದ ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದಾಗ ಗಿಟ್ ವಿಲೀನವನ್ನು ಅರ್ಧಕ್ಕೆ ನಿಲ್ಲಿಸಿ, ಎರಡೂ ರೂಪಗಳನ್ನು ಬಾಣದ ಗುರುತುಗಳ ನಡುವೆ ಮೇಲೆ ಕೆಳಗೆ ಇಟ್ಟು ತೋರಿಸುತ್ತದೆ. ಯಾವುದನ್ನು ಉಳಿಸಬೇಕೆಂದು ಅದು ಹೇಳುವುದಿಲ್ಲ. ಬರೆದ ಇಬ್ಬರೂ ಕೂತು ಮಾತಾಡಲೇಬೇಕು. ತಂಡದ ಕೆಲಸದ ನಿಜವಾದ ಪಾಠ ಇರುವುದು ಇಲ್ಲಿ. ಒಬ್ಬರೇ ಬರೆದಲ್ಲಿ ಅದು ಎದುರಾಗುವುದೇ ಅಪರೂಪ.

ಒಬ್ಬ ಗೈಡ್‌ಗೆ ಹಲವು ಗುಂಪುಗಳು, ಎಕ್ಸ್‌ಟರ್ನಲ್‌ಗೆ (ಹೊರಗಿನ ಪರೀಕ್ಷಕರಿಗೆ) ಒಂದೊಂದು ಗುಂಪಿಗೆ ಸಿಗುವುದು ಕೆಲವೇ ನಿಮಿಷ; ಕಮಿಟ್‌ಗಳ ಇತಿಹಾಸವನ್ನು ಓದಲು ಯಾರಿಗೂ ಬಿಡುವಿಲ್ಲ. ವೈವಾದ (ಮೌಖಿಕ ಪರೀಕ್ಷೆಯ) ಮೊದಲ ಐದು ನಿಮಿಷ ಕಮಿಟ್‌ಗಳ ಪಟ್ಟಿಯನ್ನು ಪರದೆಯ ಮೇಲೆ ತೆರೆದು, ನಾಲ್ವರಿಗೂ ಅವರವರ ಒಂದೊಂದು ಬದಲಾವಣೆಯನ್ನು ವಿವರಿಸಲು ಹೇಳುವುದಕ್ಕೆ ಹೊಸ ಪಠ್ಯಕ್ರಮವಂತೂ ಬೇಕಿಲ್ಲ.