ಮೂಗಿನ ಆಪರೇಷನ್ ಮಾಡಿಸಿದರೆ ಗೊರಕೆ ನಿಲ್ಲುತ್ತಾ?

ಪ್ರಶ್ನೆ: ನಮ್ಮ ಮನೆಯವರಿಗೆ 46 ವರ್ಷ, ಲಾರಿ ಓಡಿಸುತ್ತಾರೆ. ದಪ್ಪ ಇದ್ದಾರೆ. ಗೊರಕೆ ಪಕ್ಕದ ಮನೆಗೂ ಕೇಳುತ್ತದೆ. ನಡುವೆ ಸದ್ದು ನಿಂತುಹೋಗಿ, ಆಮೇಲೆ ಬೆಚ್ಚಿಬಿದ್ದ ಹಾಗೆ ಉಸಿರು ಎಳೆದುಕೊಳ್ಳುತ್ತಾರೆ. ಮೂಗಿನ ಮೂಳೆ ಸೊಟ್ಟ ಇದೆ, ಆಪರೇಷನ್ ಮಾಡಿಸಿ ಎಂದು ಹೇಳಿದ್ದಾರೆ. ಮಾಡಿಸಿದರೆ ಪೂರ್ತಿ ಹೋಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ‘ನಡುವೆ ಸದ್ದು ನಿಂತುಹೋಗಿ’ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಎರಡು ಸಲ ಓದಿದೆ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಇಕ್ಕಟ್ಟಾಗಿ ಕಿರುನಾಲಿಗೆಯ ಸುತ್ತಲಿನ ಮೆತ್ತನೆ ಭಾಗ ಅದುರಿದರೆ ಗೊರಕೆ. ದಾರಿಯೇ ಮುಚ್ಚಿಕೊಂಡರೆ ಸದ್ದೂ ಇಲ್ಲ, ಉಸಿರೂ ಇಲ್ಲ. ಹೀಗೆ 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಮತ್ತೆ ಮತ್ತೆ ಆಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ. ಬಿಪಿ ಏರುವುದಕ್ಕೂ, ಹಗಲು ತೂಕಡಿಸುವುದಕ್ಕೂ ಇದು ಕಾರಣವಾಗುತ್ತದೆ.

ಹಾಗಾಗಿ ಆಪರೇಷನ್ ಮಾತು ಆಮೇಲೆ, ಮೊದಲು ಸ್ಲೀಪ್ ಸ್ಟಡಿ ಮಾಡಿಸಿ. ಒಂದು ರಾತ್ರಿಯ ಪರೀಕ್ಷೆ ಅಷ್ಟೇ, ಮನೆಯಲ್ಲೇ ಮಾಡುವ ಕಿಟ್ ಕೂಡ ಇದೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ ಎಂದು ಎಣಿಸುತ್ತಾರೆ. 5ರ ಒಳಗಿದ್ದರೆ ಚಿಂತೆಯಿಲ್ಲ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ.

ಈಗ ಮೂಗಿಗೆ ಬರೋಣ. ಮೂಳೆ ನೆಟ್ಟಗಾದರೆ ಉಸಿರಾಟ ಸಲೀಸಾಗುತ್ತದೆ, ಗೊರಕೆಯೂ ಒಂದಿಷ್ಟು ತಗ್ಗಬಹುದು. ಆದರೆ ಅದರಿಂದಲೇ ಆಪ್ನಿಯಾ ಹೋಗುವುದು ಅಪರೂಪ. ಬಾಗಿಲು ಅಗಲ ಮಾಡಿ, ಒಳಗಿನ ಓಣಿಯನ್ನು ಹಾಗೇ ಬಿಟ್ಟಂತೆ. ಓಣಿಗೂ, ಅಂದರೆ ಗಂಟಲಿಗೂ ಆಪರೇಷನ್ ಇದೆ. ಟಾನ್ಸಿಲ್ ತೆಗೆದು, ಅಂಗುಳದ ಹಿಂಭಾಗವನ್ನು ಬಿಗಿ ಮಾಡುತ್ತಾರೆ. ಟಾನ್ಸಿಲ್ ತುಂಬಾ ದಪ್ಪ ಇರುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ನಾಲಿಗೆಯ ಬುಡದಲ್ಲಿ ಅಡ್ಡಿ ಇದ್ದವರಿಗೆ ಅಷ್ಟು ಪ್ರಯೋಜನವಿಲ್ಲ. ಎಲ್ಲಿ ಅಡ್ಡಿ ಎಂದು ತಿಳಿಯಲು, ಔಷಧಿ ಕೊಟ್ಟು ನಿದ್ದೆ ಬರಿಸಿ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ ಇದೆ. ಗಂಟಲಿನ ಆಪರೇಷನ್ ಆದ ಮೇಲೆ ನೋವು ಎರಡು ವಾರ ಇರುತ್ತದೆ, ನುಂಗುವುದು ಕಷ್ಟ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ನನಗೆ ಹೆಚ್ಚು ಭಯ ಬೇರೆಯದಕ್ಕೆ. ಆಪರೇಷನ್ ಆದ ಮೇಲೆ ಸದ್ದು ಅಡಗಿ, ಉಸಿರು ನಿಲ್ಲುವುದು ಮಾತ್ರ ಉಳಿಯಬಹುದು. ಆಗ ಮನೆಯವರೆಲ್ಲ ನೆಮ್ಮದಿಯಾಗಿ ಮಲಗುತ್ತಾರೆ, ಗಮನಿಸುವವರೇ ಇರುವುದಿಲ್ಲ. ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಲೇಬೇಕು. ದವಡೆಯನ್ನೇ ಮುಂದಕ್ಕೆ ತರುವ ಆಪರೇಷನ್ನಿನ ಫಲಿತಾಂಶ ಚೆನ್ನಾಗಿದೆ, ಆದರೆ ಅದು ದೊಡ್ಡ ಕೆಲಸ. ಮಕ್ಕಳ ಲೆಕ್ಕ ಬೇರೆ. ಅವರಿಗೆ ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂಬದಿಯಲ್ಲಿರುವ, ಟಾನ್ಸಿಲ್‌ನಂಥದೇ ಭಾಗ) ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ.

ದೊಡ್ಡವರಲ್ಲಿ ಮಧ್ಯಮ, ತೀವ್ರ ಆಪ್ನಿಯಾಗೆ ಮೊದಲ ಆಯ್ಕೆ ಸಿಪ್ಯಾಪ್ ಮಷಿನ್. ಮಾಸ್ಕ್ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಬಿಟ್ಟು ದಾರಿ ತೆರೆದಿಡುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಇದನ್ನು ಲೋಕಕ್ಕೆ ತೋರಿಸಿದರು. ಮೊದಲ ವಾರ ಎಲ್ಲರಿಗೂ ಕಿರಿಕಿರಿ, ‘ಇದೇನು ಆನೆ ಸೊಂಡಿಲು’ ಎನ್ನುತ್ತಾರೆ. ಮೂಗು ಕಟ್ಟಿದ್ದರೆ ಮಾಸ್ಕ್ ತಡೆದುಕೊಳ್ಳುವುದು ಕಷ್ಟ. ಮೂಗಿನ ಆಪರೇಷನ್ ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ! ಲಾರಿ ಬ್ಯಾಟರಿಯಿಂದ ಕೆಲವು ಮಷಿನ್ ಓಡಿಸಲು ಕನ್ವರ್ಟರ್ ಸಿಗುತ್ತದೆ, ಕೇಳಿ ನೋಡಿ. ಆಪ್ನಿಯಾ ಕಡಿಮೆ ಇದ್ದರೆ ದಂತವೈದ್ಯರು ಮಾಡಿಕೊಡುವ, ಕೆಳದವಡೆಯನ್ನು ಮುಂದೆ ಹಿಡಿದಿಡುವ ಕ್ಲಿಪ್ ಸಾಕಾಗಬಹುದು.

ತೂಕ ಶೇ 10ರಷ್ಟು ಇಳಿದರೂ ಫರಕು ಕಾಣುತ್ತದೆ. ಬೆಣ್ಣೆದೋಸೆ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಆದರೆ ಢಾಬಾದಲ್ಲಿ ಹೊಟ್ಟೆ ಬಿರಿಯೆ ಉಂಡು ಹಾಗೇ ಮಲಗುವುದನ್ನು ಬಿಡಿಸಿ. ರಾತ್ರಿಯ ಡ್ರಿಂಕ್ಸ್ ಮೊದಲು ಬಿಡಿಸಿ, ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ಮಗ್ಗುಲಾಗಿ ಮಲಗಲಿ.

‘ನಾನೆಲ್ಲಿ ಗೊರಕೆ ಹೊಡೀತೀನಿ’ ಎಂದು ಅವರು ವಾದ ಮಾಡಬಹುದು. ಅದಕ್ಕೇ ಇವತ್ತು ರಾತ್ರಿ ಮೊಬೈಲಲ್ಲಿ ಐದು ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರಿಗೂ ಅದು ಬೇಕು. ಸ್ಟೀರಿಂಗ್ ಮುಂದೆ ಯಾವತ್ತಾದರೂ ಕಣ್ಣು ಎಳೆದಿದೆಯಾ ಎಂದು ಕೇಳಿ. ಹೌದು ಎಂದರೆ, ಚಿಕಿತ್ಸೆ ಶುರುವಾಗಿ ತೂಕಡಿಕೆ ನಿಲ್ಲುವವರೆಗೆ ಹೈವೇ ಟ್ರಿಪ್ ಬೇರೆ ಡ್ರೈವರ್‌ಗೆ ಕೊಡಲಿ.