ಚಾವಿ ತೆಗೆದರೂ ನಿಲ್ಲದ ಡೀಸೆಲ್ ಎಂಜಿನ್

“ಚಾವಿ ತೆಗದು ಕೈಯಾಗ ಹಿಡಕೊಂಡೀನ್ರೀ, ಆದ್ರೂ ಗಾಡಿ ಬಂದ್ ಆಗವಲ್ದು!” ಕಳೆದ ಬೇಸಿಗೆಯಲ್ಲಿ ಶಹಾಬಾದ್ ರಸ್ತೆಯಿಂದ ಪರಿಚಯದವರೊಬ್ಬರು ಫೋನಿನಲ್ಲಿ ಹೀಗೆ ಕೂಗಿದಾಗ ಹಿಂದಿನಿಂದ ಎಂಜಿನ್ನಿನ ಚೀರಾಟ ಕೇಳುತ್ತಿತ್ತು. ಬ್ರೇಕನ್ನು ಬಲವಾಗಿ ತುಳಿದು, ಐದನೇ ಗೇರಿಗೆ ಹಾಕಿ, ಕ್ಲಚ್ಚನ್ನು ಒಮ್ಮೆಲೇ ಬಿಡಿರೆಂದೆ. ಎಂಜಿನ್ ಒದ್ದಾಡಿ ನಿಂತಿತು. ಆಟೊಮ್ಯಾಟಿಕ್ ಗಾಡಿಯಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಆಗ ಗಾಳಿ ಒಳಹೋಗುವ ಬಾಯಿಗೆ ಗಟ್ಟಿ ಹಲಗೆ ಒತ್ತಿ ಹಿಡಿಯಬೇಕು, ಇಲ್ಲವೇ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕವನ್ನು ಅದರೊಳಗೆ ಬಿಡಬೇಕು. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬಾರದು. ಎರಡೂ ಸಾಧ್ಯವಿಲ್ಲದಿದ್ದರೆ ದೂರ ಸರಿಯುವುದೇ ಲೇಸು, ಏಕೆಂದರೆ ಎಂಜಿನ್ ಒಡೆದು ಚೂರುಗಳು ಸಿಡಿಯಬಹುದು.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ; ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ, ವೇಗವನ್ನು ನಿರ್ಧರಿಸುವುದು ಒಳಹೋಗುವ ಇಂಧನದ ಅಳತೆ. ಚಾವಿ ತಿರುಗಿಸಿದಾಗ ನಿಲ್ಲುವುದು ಟ್ಯಾಂಕಿನ ಡೀಸೆಲೇ ಹೊರತು, ಗಾಳಿಯ ಜೊತೆ ಕದ್ದು ನುಗ್ಗುವ ಎಂಜಿನ್ ಆಯಿಲ್ ಅಲ್ಲ. ಆದ್ದರಿಂದ ಗಾಡಿ ತಾನಾಗಿಯೇ ರೇಸ್ ಆಗುತ್ತದೆಂದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಚಾವಿ ತೆಗೆದಾಗ ನಿಂತಿತೋ, ಇಲ್ಲವೋ? ನಿಂತಿದ್ದರೆ ಹಳೆಯ ಗಾಡಿಯಲ್ಲಿ ಡೀಸೆಲ್ ಪಂಪಿನೊಳಗೆ ಇಂಧನದ ಅಳತೆ ಕಾಯುವ ಗವರ್ನರ್, ಹೊಸದರಲ್ಲಿ ಆಕ್ಸಿಲರೇಟರ್ ಪೆಡಲಿನ ಸೆನ್ಸರ್, ಕೆಲವೊಮ್ಮೆ ಪೆಡಲಿಗೆ ಸಿಕ್ಕಿಕೊಂಡ ಕಾಲುಹಾಸು ಕಾರಣವಾಗಿರುತ್ತದೆ. ನಿಲ್ಲದೆ, ನೀಲಿ ಬೆರೆತ ಬಿಳಿ ಹೊಗೆ ದಟ್ಟವಾಗಿ ಉಗುಳಿದ್ದರೆ ಉರಿಯುತ್ತಿರುವುದು ಆಯಿಲ್ಲೇ. ಈ ಕಾರು ಹಿಂದೊಮ್ಮೆ ಸ್ವಲ್ಪ ಹೊತ್ತು ಹೀಗೆಯೇ ಕಿರುಚಿದಾಗ ಬೇರೊಂದು ಗ್ಯಾರೇಜಿನವರು ಈ ಪ್ರಶ್ನೆ ಕೇಳದೆ ಪಂಪ್ ಇಳಿಸಿ ರಿಪೇರಿ ಮಾಡಿಸಿದ್ದರು. ಆ ಖರ್ಚು ನೀರಿಗೆ ಹೋಯಿತು.

ಕಾರನ್ನು ಎಳೆದು ತಂದ ಮೇಲೆ ಮೊದಲು ಆಯಿಲ್ ಗೇಜ್ ಎಳೆದು ನೋಡಿದೆ. ಗುರುತಿಗಿಂತ ಮೇಲಿದ್ದರೆ ಎಂಜಿನ್ನಿನ ಕೆಳಗೆ ಸುತ್ತುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು, ಒಳಗಿನ ಆವಿಯನ್ನು ಗಾಳಿದಾರಿಗೆ ಒಯ್ಯುವ ಬ್ರೀದರ್ ಪೈಪಿನ ಮೂಲಕ ಮೇಲಕ್ಕೆ ಎಸೆಯುತ್ತದೆ. ಬಿಎಸ್-6 ಹೊಗೆ ನಿಯಮದ ಹೊಸ ಗಾಡಿಗಳಲ್ಲಿ ಯಾರೂ ಸುರಿಯದಿದ್ದರೂ ಮಟ್ಟ ಏರುವುದುಂಟು: ಊರೊಳಗಿನ ಗಿಡ್ಡ ಓಡಾಟದಲ್ಲಿ ಹೊಗೆ ಫಿಲ್ಟರಿನ ಮಸಿ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತು, ಅದಕ್ಕೆಂದು ಹೆಚ್ಚುವರಿಯಾಗಿ ಬಿಟ್ಟ ಡೀಸೆಲ್ ಆಯಿಲ್ಲಿಗೆ ಇಳಿಯುತ್ತದೆ. ಗೇಜನ್ನು ಮೂಸಿದರೆ ಗೊತ್ತಾಗುತ್ತದೆ. ಇಲ್ಲಿ ಮಟ್ಟ ಕೆಳಗಿತ್ತು, ಡೀಸೆಲ್ ವಾಸನೆ ಇರಲಿಲ್ಲ, ಸಿಲಿಂಡರಿನ ಒತ್ತಡ ಪಿಸ್ಟನ್ ದಾಟಿ ಕೆಳಗೆ ಸೋರುವ ಬ್ಯಾಕ್ ಕಂಪ್ರೆಷನ್ನೂ ಇರಲಿಲ್ಲ. ಆದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಬಿಚ್ಚಿದ ಕೂಡಲೇ ಕಪ್ಪು ಆಯಿಲ್ ಮೊಣಕೈವರೆಗೆ ಇಳಿಯಿತು. ಇಂಟರ್‌ಕೂಲರ್ ಬಗ್ಗಿಸಿದರೆ ಸುಮಾರು ಅರ್ಧ ಲೀಟರ್.

ಇಷ್ಟಕ್ಕೇ ಟರ್ಬೊ ಹೋಯಿತೆಂದು ತೀರ್ಪು ಕೊಡುವವರೇ ಹೆಚ್ಚು. ಅದರ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಮೀರಿ ಸುತ್ತುತ್ತದೆ, ಆಯಿಲ್ ಪದರದ ಮೇಲೆ ತೇಲುತ್ತದೆ; ಹಾಗಾಗಿ ಅಡ್ಡಕ್ಕೆ ತುಸು ಅಲುಗಿದರೆ ದೋಷವಲ್ಲ, ಹಿಂದೆ-ಮುಂದೆ ಆಡಿದರೆ ದೋಷ. ಇದು ಆಡಲಿಲ್ಲ. ಇನ್ನೆರಡು ಕಡೆ ನೋಡಬೇಕಿತ್ತು. ಫರಸಿ ಕಲ್ಲಿನ ಗಣಿಗಳ ದಾರಿಯಲ್ಲಿ ಓಡಾಡುವ ಗಾಡಿಯ ಏರ್ ಫಿಲ್ಟರ್ ಬಿಳಿ ಧೂಳಿನಿಂದ ಹಲಗೆಯಂತಾಗಿತ್ತು. ಗಾಳಿ ಸಾಲದ ಟರ್ಬೊ ತನ್ನ ಸೀಲಿನ ಕಡೆಯಿಂದಲೇ ಆಯಿಲ್ ಹೀರುತ್ತದೆ. ಟರ್ಬೊದಿಂದ ಆಯಿಲ್ ಕೆಳಗಿಳಿಯುವ ಪೈಪಿನಲ್ಲಂತೂ ಹಿಂದೆ ಯಾರೋ ಧಾರಾಳವಾಗಿ ಹಚ್ಚಿದ ಸಿಲಿಕಾನ್ ಗ್ಯಾಸ್ಕೆಟ್ ಅಂಟು ಒಳಕ್ಕೆ ಉಬ್ಬಿ, ಅರ್ಧಕ್ಕಿಂತ ಹೆಚ್ಚು ದಾರಿಯನ್ನು ಮುಚ್ಚಿತ್ತು. ಇಳಿಯಲು ದಾರಿಯಿಲ್ಲದ ಆಯಿಲ್ ಒಳ್ಳೆಯ ಸೀಲನ್ನೂ ದಾಟುತ್ತದೆ.

ಪೈಪು, ಹೋಸು, ಇಂಟರ್‌ಕೂಲರ್ ಎಲ್ಲವನ್ನೂ ತೊಳೆದು ಒಣಗಿಸಿದೆವು. ಉಳಿದ ಆಯಿಲ್ಲೇ ಮತ್ತೆ ಎಂಜಿನ್ನನ್ನು ಓಡಿಸಬಲ್ಲದು. ಮಟ್ಟ ತುಂಬಿಸಿ, ಹುಡುಗನ ಕೈಗೆ ಪ್ಲೈವುಡ್ ತುಂಡು ಕೊಟ್ಟು ಗಾಳಿಯ ಬಾಯಿಯ ಹತ್ತಿರ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಸ್ಥಿರವಾಗಿ ಓಡಿತು. ಎರಡು ದಿನ ಓಡಿಸಿ ಹೋಸ್ ಬಿಚ್ಚಿದಾಗ ಒಳಗೋಡೆಯಲ್ಲಿ ಬೆರಳಿಗೆ ಹತ್ತುವಷ್ಟು ಜಿಡ್ಡು ಮಾತ್ರವಿತ್ತು. ಅಷ್ಟು ಎಲ್ಲ ಟರ್ಬೊ ಗಾಡಿಯಲ್ಲೂ ಇರುತ್ತದೆ.