ದಂತದ ಕುರುಬನನ್ನು ಎಲ್ಲಿಂದ ನೋಡಬೇಕು

ಪುಣೆಯಲ್ಲಿರುವ ನನ್ನ ಸಂಕಲನ ಕೋಣೆಗೆ ಕಳೆದ ವರ್ಷ ವಾಸ್ಕೊದ ಕನ್ನಡಿಗ ಗೆಳೆಯರೊಬ್ಬರು ಕ್ರೈಸ್ತ ಕಲೆಯನ್ನು ಕುರಿತ ತಮ್ಮ ಸಾಕ್ಷ್ಯಚಿತ್ರದ ದೃಶ್ಯಗಳನ್ನು ತಂದರು. ಅವುಗಳಲ್ಲಿ 17ನೇ ಶತಮಾನದಲ್ಲಿ ಗೋವಾದಲ್ಲಿ ಕೆತ್ತಿದ ದಂತದ ಶಿಲ್ಪವೊಂದಿತ್ತು. ಬಾಲಯೇಸು ಒಳ್ಳೆಯ ಕುರುಬನಾಗಿ, ಹೆಗಲ ಮೇಲೆ ಕುರಿಮರಿಯನ್ನು ಹೊತ್ತು, ಕೆನ್ನೆಗೆ ಕೈಯೂರಿ, ಕಣ್ಣು ಮುಚ್ಚಿ ಗುಡ್ಡದ ತುದಿಯಲ್ಲಿ ಕುಳಿತಿದ್ದಾನೆ. ಕೆಳಗೆ ಬುಗ್ಗೆಯ ನೀರು ಕುಡಿಯುವ ಹಕ್ಕಿಗಳು, ಕುರಿಗಳು, ತೀರ ಬುಡದ ಗುಹೆಯಲ್ಲಿ ಒರಗಿರುವ, ಪಾಪಗಳಿಗೆ ಪಶ್ಚಾತ್ತಾಪಪಟ್ಟವಳೆಂದು ಕ್ರೈಸ್ತ ಪರಂಪರೆ ನೆನೆಯುವ ಮಗ್ದಲದ ಮರಿಯಳು. ಆ ಕುಳಿತ ಭಂಗಿಯಲ್ಲಿ ಧ್ಯಾನಸ್ಥ ಬುದ್ಧನ ಛಾಯೆಯನ್ನು ಕಂಡ ವಿದ್ವಾಂಸರಿದ್ದಾರೆ.

"ಮೊದಲು ಮುಖ ಹಾಕಿ ಸರ್, ಉಳಿದದ್ದು ಆಮೇಲೆ" ಎಂದರು ಗೆಳೆಯರು. ಹಾಗೆಯೇ ಜೋಡಿಸಿದೆ. ಮುಖದ ಕ್ಲೋಸ್‌ಅಪ್, ಕಟ್, ಕುರಿಗಳು, ಕಟ್, ಮರಿಯಳು. ನಿದ್ರಿಸುವ ಮಗುವೊಂದು ಕನಸು ಕಾಣುತ್ತಿದೆ ಎಂಬ ಅರ್ಥ ತಾನಾಗಿಯೇ ಹುಟ್ಟಿಬಿಟ್ಟಿತು. ನಟನ ಭಾವಶೂನ್ಯ ಮುಖದ ಒಂದೇ ಶಾಟ್‌ನ ಪಕ್ಕ ಸೂಪಿನ ತಟ್ಟೆ ಬಂದರೆ ಹಸಿವು, ಶವಪೆಟ್ಟಿಗೆ ಬಂದರೆ ದುಃಖ ಕಾಣುತ್ತದೆಂದು ರಷ್ಯಾದ ಚಲನಚಿತ್ರ ನಿರ್ದೇಶಕ ಕುಲೆಶೋವ್ ತೋರಿಸಿದ್ದು ಇದನ್ನೇ. ಆದರೆ ಶಿಲ್ಪಿ ಕೆತ್ತಿದ್ದು ಕನಸನ್ನಲ್ಲ. ಬದಿಗೆ ಸರಿಸಿಟ್ಟಿದ್ದ ಇನ್ನೊಂದು ಶಾಟ್‌ನಲ್ಲಿ ಕ್ಯಾಮೆರಾ ಗುಹೆಯಿಂದ ನಿಧಾನವಾಗಿ ಮೇಲೇರುತ್ತಿತ್ತು. ಅದನ್ನು ಹಾಕಿದಾಗ ಪಶ್ಚಾತ್ತಾಪಪಟ್ಟವಳಿಂದ ನೀರಿಗೆ, ನೀರಿನಿಂದ ಕುರಿಗಳಿಗೆ, ಅಲ್ಲಿಂದ ಆ ಮುಖಕ್ಕೆ ನಮ್ಮ ಕಣ್ಣು ಹತ್ತಿ ಹೋಯಿತು. ಮುಚ್ಚಿದ ಕಣ್ಣುಗಳಲ್ಲಿ ನಿದ್ದೆಯ ಬದಲು ನೆಮ್ಮದಿ ಕಂಡಿತು.

ಅದೇ ಸಾಕ್ಷ್ಯಚಿತ್ರದಲ್ಲಿ ಈಜಿಪ್ಟಿನ ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿರುವ 6ನೇ ಶತಮಾನದ ಕ್ರಿಸ್ತನ ಚಿತ್ರವೂ ಇತ್ತು. ಕರಗಿಸಿದ ಮೇಣದಲ್ಲಿ ಬಣ್ಣ ಕಲಸಿ ಬರೆದ ಆ ಮುಖದ ಒಂದು ಪಾರ್ಶ್ವ ಶಾಂತ, ಇನ್ನೊಂದು ಕಠಿಣ. ಒಂದೊಂದು ಪಾರ್ಶ್ವವನ್ನೂ ಕನ್ನಡಿಯಂತೆ ಮಡಚಿ ಎರಡು ಮುಖ ಮಾಡಿ, ಒಂದನ್ನು ಇನ್ನೊಂದರಲ್ಲಿ ಕರಗಿಸುವ ಡಿಸಾಲ್ವ್ ಬೇಕೆಂದು ಗೆಳೆಯರ ಆಸೆ. ಮಾಡಿ ನೋಡಿ ತೆಗೆದುಹಾಕಿದೆ. ಕರುಣೆಯೂ ನ್ಯಾಯತೀರ್ಪೂ ಒಂದೇ ಕ್ಷಣದಲ್ಲಿ ಒಬ್ಬನಲ್ಲಿವೆ ಎಂಬುದೇ ಆ ಚಿತ್ರದ ಬಲವಾಗಿರುವಾಗ, ಡಿಸಾಲ್ವ್ ಅವನ್ನು ಒಂದಾದ ಮೇಲೊಂದು ಬರುವ ಇಬ್ಬರನ್ನಾಗಿ ಮಾಡುತ್ತದೆ. ಅಲ್ಲಿ ಕಟ್ ಇಲ್ಲದೆ ಇಡೀ ಮುಖವನ್ನೇ ಉಳಿಸಿದೆವು.

ದಂತದ ಶಿಲ್ಪದಲ್ಲಿಯೂ ಮುಖ ಬಂದೊಡನೆ ಕಟ್ ಮಾಡಲಿಲ್ಲ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಇನ್ನೂ 100 ಫ್ರೇಮು ಕ್ಯಾಮೆರಾವನ್ನು ಅಲ್ಲೇ ನಿಲ್ಲಲು ಬಿಟ್ಟೆ.